ನಾಯಿ ಮನೆಯ ಸಂಬಂಧ

ನನ್ನ ತಂಗಿ ತನುಜಾಳ ಮಗಳು ಸ್ಫೂರ್ತಿಗೆ ಭದ್ರಾವತಿಯಿಂದ ಸಂಬಂಧ ಬಂದಾಗ, ಹುಡುಗನ ಬಗ್ಗೆ ವಿಚಾರಿಸಿಕೊಂಡು ಬರುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ಬಂತು ಎನ್ನುವುದು ಪೂರ್ತಿ ಸರಿಯಲ್ಲ, ನಾನೇ ಎಳೆದುಕೊಂಡೆ. ಭಾವ ವಿಜಯಕುಮಾರ್‌ಗೆ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿ ಬಿಟ್ಟು ಹೊರಡಲು ಆಗುವುದಿಲ್ಲ. "ಯಾರನ್ನಾದ್ರೂ ನಾಕು ಮಾತು ಕೇಳ್ಕೊಂಡು ಬನ್ನಿ, ಸಾಕು," ಎಂದರು. ನಾಲ್ಕು ಮಾತು ಕೇಳಿಕೊಂಡು ಬರುವುದು ಬೇರೆಯವರ ಕ್ರಮ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕೈಗೆ ಕೊಟ್ಟ ಉಪ್ಪು ಯಾವುದೆಂದು ಹೇಳುವ ಮೊದಲು ಅದನ್ನು ಕರಗಿಸಿ, ಕಾಯಿಸಿ, ಆಮ್ಲ ಹಾಕಿ ನೋಡಬೇಕು ಎಂದು ಮಕ್ಕಳಿಗೆ ಜೀವನವಿಡೀ ಹೇಳಿದವನು. ಒಬ್ಬ ಹುಡುಗನ ವಿಷಯದಲ್ಲಿ ಅದಕ್ಕಿಂತ ಕಡಿಮೆ ಮಾಡಿದರೆ ಹೇಗೆ?

ಹುಡುಗನ ಹೆಸರು ವಿಜಯೇಂದ್ರ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಓಲ್ಡ್ ಟೌನಿನಲ್ಲಿ ಸ್ವಂತ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ತಂದೆ ತಾಯಿ ಇಲ್ಲ, ಅಜ್ಜಿ ವೀರಮ್ಮ ಸಾಕಿದ್ದು. ಆ ಅಜ್ಜಿಗೆ ಭುಜ ಹಿಡಿದುಕೊಂಡು ಕೈ ಮೇಲೆತ್ತಲು ಆಗದೆ ಹೊಸಮನೆಯ ನಮ್ಮ ಬೀದಿಯ ಪಕ್ಕದ ಕ್ಲಿನಿಕ್ಕಿಗೆ ಬಂದಿದ್ದರು. ಅಲ್ಲಿ ಫಿಸಿಯೋಥೆರಪಿ ಮಾಡುವವಳು ಸ್ಫೂರ್ತಿ. ಅಜ್ಜಿಯನ್ನು ಕರೆತರುತ್ತಿದ್ದವನು ಮೊಮ್ಮಗ. ಭುಜ ಸರಿಹೋಗುವ ಹೊತ್ತಿಗೆ ಎರಡು ಮನೆಯ ಪರಿಚಯಸ್ಥರೊಬ್ಬರು ಮಾತು ತಂದರು. "ನಂಗೆ ಓಕೆ ಅಮ್ಮ," ಎಂದು ಸ್ಫೂರ್ತಿ ತಟ್ಟೆ ನೋಡುತ್ತಾ ಹೇಳಿದಳು. ಹಿಂದೆ ಬಂದ ಸಂಬಂಧಗಳಿಗೆಲ್ಲ ತಲೆ ಎತ್ತಿ 'ಬೇಡ' ಎಂದಿದ್ದವಳು ತಟ್ಟೆ ನೋಡಿಕೊಂಡು ಹೇಳಿದ್ದು ಇದೇ ಮೊದಲು. ಅವಳಿಗೆ ಈ ಹುಡುಗನೇ ಬೇಕಾಗಿದ್ದಾನೆ ಎಂಬುದು ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಉಳಿದದ್ದು ನನ್ನ ವಿಚಾರಣೆಯೊಂದೇ.

ಹುಡುಗನ ಮನೆ ವಿಚಾರಿಸುವುದಕ್ಕೆ ನಮ್ಮ ಕಡೆ ಒಂದು ರೀತಿಯಿದೆ. ನೇರವಾಗಿ ಆ ಮನೆಗೆ ಹೋಗಬಾರದು. ಬೀದಿಯ ಅಂಗಡಿಯಲ್ಲಿ ಏನಾದರೂ ಕೊಂಡು, ಮಳೆ ಬಿಸಿಲಿನ ಮಾತಾಡಿ, ಆ ಮನೆಯವರ ಹೆಸರು ತಾನಾಗಿ ಬಾಯಿಗೆ ಬಂದಂತೆ ತರಬೇಕು. ಇದಕ್ಕೆ ನಾನೊಂದು ಸುಧಾರಣೆ ಮಾಡಿದೆ. ಹುಡುಗಿಯ ಕಡೆಯವರು ಎಂದು ಗೊತ್ತಾದರೆ ಜನ ನಿಜ ಹೇಳುವುದಿಲ್ಲ, ಆದ್ದರಿಂದ ಬಾಡಿಗೆ ಮನೆ ಹುಡುಕುವವನಂತೆ ಹೋಗಬೇಕು ಎಂದು ತೀರ್ಮಾನಿಸಿದೆ. ಈ ಉಪಾಯ ಹೊಳೆದಾಗ ನನಗೆ ನನ್ನ ಬಗ್ಗೆ ಉಂಟಾದ ಮೆಚ್ಚುಗೆಯನ್ನು ಇಲ್ಲಿ ವಿವರಿಸುವುದಿಲ್ಲ.

ಓಲ್ಡ್ ಟೌನಿನ ಆ ಬೀದಿಯ ಮೂಲೆಯಲ್ಲಿ ಈಶ್ವರಮ್ಮ ಎಂಬಾಕೆಯ ಕಿರಾಣಿ ಅಂಗಡಿ. ಅವಲಕ್ಕಿ ಕೊಂಡೆ.

"ಈ ಬೀದೀಲಿ ಬಾಡಿಗೆಗೆ ಮನೆ ಏನಾದ್ರೂ ಇದ್ಯಾ ಅಮ್ಮ?"

"ಯಾರಿಗೆ ಸ್ವಾಮಿ? ಫ್ಯಾಮಿಲಿನಾ?"

"ಗಂಡ ಹೆಂಡ್ತಿ ಇಬ್ರೇ. ಆ ಕೊನೇಲಿ ಮೋಟರ್ ವೈಂಡಿಂಗ್ ಅಂಗಡಿ ಇದ್ಯಲ್ಲ, ಅದರ ಪಕ್ಕ ಒಂದು ಖಾಲಿ ಇದ್ದಂಗೆ ಕಾಣ್ತು."

ಈಶ್ವರಮ್ಮ ತಕ್ಕಡಿ ಕೆಳಗಿಟ್ಟಳು. "ಅಯ್ಯೋ, ಅಲ್ಲಿಗಾ? ಬೇಡ ಮಾರಾಯ್ರೇ. ಅದು ನಾಯಿ ಮನೆ."

"ನಾಯಿ ಅಂದ್ರೆ?"

"ನಾಯಿ ಅಂದ್ರೆ ನೀವು ತಿಳ್ಕೊಂಡಂಗೆ ಬೀದಿ ನಾಯಿ ಅಲ್ಲ. ಫೈಟಿಂಗ್ ನಾಯಿ. ಅದೇನೋ ಪಿಟ್ ಬುಲ್ಲು ಅಂತಾರೆ. ಒಂದೊಂದು ದವಡೆ ಇಷ್ಟಿಷ್ಟಿದೆ. ಪೋಸ್ಟಿನವನು ಗೇಟಿನ ಹೊರಗಿಂದ್ಲೇ ಎಸೆದು ಓಡ್ತಾನೆ. ವಯಸ್ಸಾದೋರು ನೀವು, ಅದರ ಪಕ್ಕ ಹೋಗಿ ಸಂಸಾರ ಮಾಡ್ತೀರಾ? ಈ ಕಡೆ ಎಷ್ಟು ತಣ್ಣಗಿದೆ ನೋಡಿ. ನಮ್ಮ ಅಂಗಡಿ ಮೇಲೇ ಒಂದು ಪೋರ್ಷನ್ ಇದೆ, ಗಾಳಿ ಬೆಳಕು ಜಬರ್ದಸ್ತಾಗಿ ಬರುತ್ತೆ."

ಪೋರ್ಷನ್ನಿನ ವಿಷಯ ನನಗೆ ಮುಖ್ಯವೆನಿಸಲಿಲ್ಲ. ಒಬ್ಬರ ಮಾತು ಸಾಕ್ಷಿಯಲ್ಲ ಎಂದು ಎದುರಿನ ಹೋಟೆಲಿಗೆ ಹೋಗಿ ಟೀ ಹೇಳಿ, ಮಾಲೀಕ ಮುರಳಿಯನ್ನೂ ಅದೇ ರೀತಿ ಕೇಳಿದೆ. "ಆ ಮನೆ ಹತ್ರ ಹೋಗ್ಬೇಡಿ ಸರ್," ಎಂದು ಅವನೂ ಹೇಳಿದ. "ಬೇಕಿದ್ರೆ ನನ್ನ ಭಾವಂದೊಂದು ಮನೆ ಇದೆ, ಹಿಂದಿನ ಬೀದೀಲಿ. ಅಟ್ಯಾಚ್ಡ್ ಬಾತ್‌ರೂಮು." ಇಬ್ಬರು, ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆ, ಒಂದೇ ಉತ್ತರ ಕೊಟ್ಟಿದ್ದರು. ಪ್ರಯೋಗಾಲಯದಲ್ಲಿ ಹೀಗೆ ಫಲಿತಾಂಶ ಹೊಂದಿಕೊಂಡಾಗ ಆಗುವ ಸಂತೋಷವೇ ಬೇರೆ.

ಆಮೇಲೆ ಹೋಟೆಲಿನ ಬೆಂಚಿನಲ್ಲಿ ಕೂತು, ಮುಖಕ್ಕೆ ಪತ್ರಿಕೆ ಅಡ್ಡ ಹಿಡಿದು, ಪ್ರತ್ಯಕ್ಷ ವೀಕ್ಷಣೆಗೆ ತೊಡಗಿದೆ. ಬೀದಿಯ ಕೊನೆಯ ಗೇಟು ತೆರೆಯಿತು. ಎತ್ತರದ, ದಪ್ಪ ಗಡ್ಡದ, ಕರಿ ಬನಿಯನ್ ಹಾಕಿದ ಒಬ್ಬ ಮನುಷ್ಯ ಹೊರಬಂದ. ತೋಳಿನ ಮೇಲೆ ಹಚ್ಚೆ. ದೂರದಿಂದ ಹುಲಿಯ ಮುಖದಂತೆ ಕಾಣಿಸಿತು. ಕೈಯಲ್ಲಿ ಅಗಲವಾದ ಪಟ್ಟಿ, ಪಟ್ಟಿಯ ತುದಿಯಲ್ಲಿ ಆ ನಾಯಿ. ಬೆಲ್ಲದ ಬಣ್ಣ, ಕತ್ತರಿಸಿದ ಕಿವಿ, ಅಗಲ ತಲೆ, ಎದೆಯಂತೂ ಪೈಲ್ವಾನನದು. ಬೀದಿಯಲ್ಲಿ ಬರುತ್ತಿದ್ದವರು ಪಕ್ಕಕ್ಕೆ ಸರಿದರು. ಗೇಟಿನ ಮುಂದೆ ಕಪ್ಪು ಜೀಪು. ಅಷ್ಟರಲ್ಲಿ ಇಬ್ಬರು ಯುವಕರು ಬೈಕಿನಲ್ಲಿ ಬಂದು, ಗೋಣಿಚೀಲದಲ್ಲಿ ಸುತ್ತಿದ ಏನೋ ಭಾರದ ವಸ್ತುವನ್ನು ಆಚೀಚೆ ನೋಡಿ ಒಳಗೆ ಸಾಗಿಸಿದರು.

ಮೋಟರ್ ರಿಪೇರಿ ಅಂಗಡಿಗೆ ಜನ ಗೋಣಿಚೀಲದಲ್ಲಿ ಏನು ತರಬಹುದು ಎಂದು ಆಗ ಯೋಚಿಸಲಿಲ್ಲ. ಆಚೀಚೆ ನೋಡಿದ್ದು ನಾಯಿ ಎಲ್ಲಿದೆ ಎಂದು ತಿಳಿಯಲು ಇರಬಹುದು ಎಂದೂ ಹೊಳೆಯಲಿಲ್ಲ. ಆ ನಾಯಿಯನ್ನು ನೋಡಿದ ಕ್ಷಣದಿಂದ ಅಂಗಡಿಯೇ ಬರೀ ನೆಪ, ಒಳಗೆ ಬೇರೆ ಏನೋ ನಡೆಯುತ್ತಿದೆ ಎಂಬುದು ನನಗೆ ಸ್ಪಷ್ಟವಾಗಿತ್ತು. ಹುಲಿ, ಗಡ್ಡ, ಜೀಪು, ಗೋಣಿಚೀಲ ಎಲ್ಲವೂ ನಾಯಿಯ ಸುತ್ತ ಹರಳುಗಟ್ಟಿ ನಿಂತವು. ಇಂಥ ತಳಿಗಳನ್ನು ಸಾಕಬಾರದು ಎಂದು ಸರ್ಕಾರ ಸುತ್ತೋಲೆ ಹೊರಡಿಸಿದ್ದನ್ನು ಹಿಂದೊಮ್ಮೆ ಪತ್ರಿಕೆಯಲ್ಲಿ ಓದಿದ್ದೆ. ಆ ಸುತ್ತೋಲೆಯನ್ನು ನಮ್ಮ ಹೈಕೋರ್ಟು ರದ್ದು ಮಾಡಿದ ಸುದ್ದಿ ಬಂದ ದಿನ ಪತ್ರಿಕೆ ಓದಿರಲಿಲ್ಲವೆಂದು ಕಾಣುತ್ತದೆ.

ಬಸ್ ಸ್ಟ್ಯಾಂಡಿನಿಂದ ತನುಜಾಳಿಗೆ ಫೋನ್ ಮಾಡಿದೆ.

"ಬೇಡ ತನು. ಅವನು ನಾಯಿ ಇಟ್ಟಿದ್ದಾನೆ."

"ನಾಯಿ ಇದ್ರೆ ಏನಣ್ಣ? ನಮ್ಮನೇಲೂ ಇತ್ತಲ್ಲ, ಕರಿಯ."

"ಕರಿಯ ಅಲ್ಲ ಮಾರಾಯ್ತಿ ಇದು. ಪಿಟ್ ಬುಲ್! ಅಂಥ ನಾಯಿ ಇಡೋ ಜನ ಎಂಥೋರು ಅಂತ ಗೊತ್ತಾ ನಿಂಗೆ?"

"ಎಂಥೋರು?"

ನಾನು ಒಂದು ಗಳಿಗೆ ಯೋಚಿಸಿದೆ. "ಇಂಥೋರೇ," ಎಂದೆ.

ಅಷ್ಟು ಖಚಿತವಾಗಿ ಹೇಳಿದ ಮೇಲೆ ತಂಗಿಗೆ ಬೇರೆ ದಾರಿ ಇರಲಿಲ್ಲ. ನನ್ನ ಬಸ್ಸು ಶಿವಮೊಗ್ಗ ಸೇರುವ ಮೊದಲೇ ವೀರಮ್ಮನಿಗೆ ಫೋನ್ ಮಾಡಿ, "ನಮ್ಮಣ್ಣನಿಗೆ ಯಾಕೋ ಮನಸ್ಸು ಬರ್ಲಿಲ್ಲ ಅಜ್ಜಿ, ತಪ್ಪು ತಿಳ್ಕೋಬೇಡಿ," ಎಂದು ಹೇಳಿ ಮುಗಿಸಿದ್ದಳು.

ಮನೆಗೆ ಹೋದಾಗ ಸ್ಫೂರ್ತಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅಳುತ್ತಿರಬಹುದು, ಸಮಾಧಾನ ಹೇಳೋಣ ಎಂದುಕೊಂಡು ಬಂದಿದ್ದೆ. ಅವಳು ಅಳುತ್ತಿರಲಿಲ್ಲ.

"ಅವರ ಮನೆ ಒಳಗೆ ಹೋಗಿದ್ರಾ ಮಾವ?"

"ಇಲ್ಲ."

ರೊಟ್ಟಿಗೆ ಒಂದು ಏಟು ಬಿತ್ತು.

"ವಿಜಯೇಂದ್ರನ ಹತ್ರ ಮಾತಾಡಿದ್ರಾ?"

"ಹಾಗೆಲ್ಲ ನೇರ ಮಾತಾಡೋ ಪದ್ಧತಿ ಇಲ್ಲ."

ಇನ್ನೊಂದು ಏಟು. "ನಾಯಿ ಯಾರನ್ನಾದ್ರೂ ಕಚ್ಚಿದೆ ಅಂತ ಯಾರಾದ್ರೂ ಹೇಳಿದ್ರಾ?"

"ಎಲ್ಲಾರೂ ಹೆದರ್ತಾರೆ ಅಂದ್ರು."

"ನಾನು ಕೇಳಿದ್ದು ಅದಲ್ಲ. ಕಚ್ಚಿದೆ ಅಂದ್ರಾ?"

ನೆನಪು ಮಾಡಿಕೊಂಡೆ. ದವಡೆಯ ಅಳತೆ ಹೇಳಿದ್ದರು, ಪೋಸ್ಟಿನವನ ಓಟ ಹೇಳಿದ್ದರು, ಬಾತ್‌ರೂಮಿನ ವಿಷಯ ಹೇಳಿದ್ದರು. ಕಚ್ಚಿದ್ದನ್ನು ಯಾರೂ ಹೇಳಿರಲಿಲ್ಲ.

"ಸೆಕೆಂಡ್ ಪಿಯುನಲ್ಲಿ ಪ್ರಿಲಿಮಿನರಿ ಟೆಸ್ಟ್ ಒಂದೇ ಮಾಡಿ ಕ್ಲೋರೈಡ್ ಅಂತ ಬರೆದಿದ್ದಕ್ಕೆ ನನ್ನ ರೆಕಾರ್ಡ್ ಎಸೆದಿದ್ರಿ, ನೆನಪಿದ್ಯಾ?"

"ಎಸೆದಿರ್ಲಿಲ್ಲಮ್ಮ. ಪಕ್ಕಕ್ಕಿಟ್ಟಿದ್ದೆ."

"ಕಿಟಕಿ ಕಡೆಗೆ ಪಕ್ಕಕ್ಕಿಟ್ಟಿದ್ರಿ. ಕನ್ಫರ್ಮೇಟರಿ ಟೆಸ್ಟ್ ಎಲ್ಲಿ ಅಂತ ಕಿರುಚಿದ್ರಿ. ಈಗ ನಾನು ಕೇಳ್ತಿದ್ದೀನಿ. ಎಲ್ಲಿ ಮಾವ ಅದು?"

ತನುಜಾ ಬಾಗಿಲಲ್ಲಿ ನಿಂತಿದ್ದಳು. ತಂಗಿಯರು ಇಂಥ ಸಮಯದಲ್ಲಿ ಅಣ್ಣನ ಪರವಾಗಿ ಮಾತಾಡುತ್ತಾರೆ ಎಂಬುದು ಮೇಲ್ನೋಟದ ಅಭಿಪ್ರಾಯ.

"ನಿಂಗೆ ನಾಯಿ ವಿಷಯ ಮೊದಲೇ ಗೊತ್ತಿತ್ತಾ?" ಎಂದು ಸ್ಫೂರ್ತಿಯನ್ನು ಕೇಳಿದೆ.

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹುಡುಗನ್ನ ನೋಡ್ತಿರ್ಲಿಲ್ಲ, ನಾಯಿನ್ನೇ ನೋಡ್ತಿದ್ರಿ." ಹಿಟ್ಟಿನ ಕೈ ಒರೆಸಿಕೊಂಡಳು. "ನೀವೇ ಹೋಗಿ. ಅವರ ಮನೆ ಒಳಗೆ ಹೋಗಿ, ಆ ನಾಯಿನ್ನ ಹತ್ರದಿಂದ ನೋಡಿ, ಆಮೇಲೂ ಬೇಡ ಅನ್ಸಿದ್ರೆ ಬಂದು ಹೇಳಿ. ನಾನು ಎರಡನೇ ಮಾತು ಆಡಲ್ಲ. ಆದ್ರೆ ನೋಡದೆ ಬೇಡ ಅಂದಿದ್ದನ್ನ ನಾನು ಒಪ್ಪಲ್ಲ."

"ನಾನಂತೂ ಮತ್ತೆ ಫೋನ್ ಮಾಡಲ್ಲಪ್ಪ," ಎಂದಳು ತನುಜಾ. "ನಂಗೆ ಮುಖ ಇಲ್ಲ. ಒಮ್ಮೆ ಬೇಡ ಅಂದ್ಮೇಲೆ ಅವರು ಬಾಗಿಲು ತೆಗೀತಾರೋ ಇಲ್ವೋ, ನಿಂಗೇ ಬಿಟ್ಟಿದ್ದು."

ಭಾನುವಾರ ಬೆಳಿಗ್ಗೆ ಹೊರಟೆ. ಸಂಬಂಧದ ಮಾತಿಗೆ ಹೋಗುವಾಗ ಬಿಳಿ ಪಂಚೆಯೇ ಸರಿ. ಆದರೆ ಪಂಚೆಯ ಬಟ್ಟೆಗೂ ಪಿಟ್ ಬುಲ್ಲಿನ ದವಡೆಗೂ ಇರುವ ಸಂಬಂಧವನ್ನು ಯೋಚಿಸಿ, ಹಿಂದೊಮ್ಮೆ ಆಸೆಪಟ್ಟು ಕೊಂಡು ಒಮ್ಮೆಯೂ ಹಾಕಿರದ ದಪ್ಪ ಜೀನ್ಸ್ ಪ್ಯಾಂಟನ್ನು ಒಳಗೆ ಹಾಕಿ, ಅದರ ಮೇಲೆ ಪಂಚೆ ಉಟ್ಟೆ. ಚಪ್ಪಲಿಯ ಬದಲು ಬೂಟು. ಕೈಯಲ್ಲಿ ಒಂದು ಬಿಸ್ಕತ್ ಪೊಟ್ಟಣ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ಬೆವರು ನೋಡಿ ಕಿಟಕಿ ಬಿಟ್ಟುಕೊಟ್ಟರು.

ಈಶ್ವರಮ್ಮನ ಅಂಗಡಿ ತಪ್ಪಿಸಲು ಹಿಂದಿನ ಬೀದಿಯಿಂದ ಸುತ್ತಿ ಹೋದೆ. ಗೇಟಿನ ಹೊರಗೆ ನಿಂತು "ಅಮ್ಮಾ" ಎಂದು ಕರೆದೆ. ಮೆಲ್ಲಗೆ ಕರೆದದ್ದರಿಂದ ಯಾರಿಗೂ ಕೇಳಲಿಲ್ಲ. ಅಗುಳಿ ತೆಗೆದು ಒಂದು ಹೆಜ್ಜೆ ಒಳಗಿಟ್ಟೆ. ಮನೆಯ ಪಕ್ಕದಿಂದ ನಾಯಿ ಬಂತು.

ಅದು ಬೊಗಳಲಿಲ್ಲ. ಬೊಗಳಿದ್ದರೆ ಧೈರ್ಯವಾದರೂ ಇರುತ್ತಿತ್ತು. ಮೌನವಾಗಿ ಬರುವ ನಾಯಿಯೇ ಅಪಾಯ ಎಂದು ಯಾವುದೋ ವಿಡಿಯೊದಲ್ಲಿ ಕೇಳಿದ್ದೆ. ಮುಂದಿನ ನೆನಪೆಂದರೆ, ನಾನು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದ್ದೆ. ಎಡಗೈಯಲ್ಲಿ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದಿದ್ದೆ. ನಾಯಿ ಕಲ್ಲಿನ ಬುಡಕ್ಕೆ ಬಂದು ನನ್ನ ಮುಖವನ್ನೇ ನೋಡಿತು.

"ಹಚಾ! ಹೋಗು! ಹಚಾ!" ಎಂದು ಬಲಗೈ ಚಾಚಿದೆ. ಬಿಸ್ಕತ್ ಪೊಟ್ಟಣವನ್ನು ಹೆಬ್ಬೆರಳು ಕಿರುಬೆರಳುಗಳಲ್ಲಿ ಅದುಮಿ ಹಿಡಿದಿದ್ದರಿಂದ ನಡುವಿನ ಮೂರು ಬೆರಳು ಮಾತ್ರ ನೆಟ್ಟಗೆ ಮುಂದಕ್ಕಿದ್ದವು. ನಾಯಿ ಆ ಮೂರು ಬೆರಳುಗಳನ್ನು ನೋಡಿತು. ಕೂತಿತು. ಕತ್ತು ನೀಡಿ, ಹಣೆಯನ್ನು ನನ್ನ ಕೈಯ ಕಡೆಗೆ ಎತ್ತಿ, ಎರಡೂ ಕಣ್ಣು ಮುಚ್ಚಿಕೊಂಡಿತು.

ಕಚ್ಚುವುದಕ್ಕೆ ಕಣ್ಣು ಮುಚ್ಚುವ ಅಗತ್ಯವಿಲ್ಲ ಎಂದು ಕಲ್ಲಿನ ಮೇಲೆ ನಿಂತು ತರ್ಕಿಸಿದೆ. ಅದರ ಹಣೆಯ ಮೇಲೆ ಹಿಂದಿನ ದಿನದ ಮೂರು ಬಿಳಿ ಗೆರೆಗಳು ಅರ್ಧ ಅಳಿಸಿ ಉಳಿದಿದ್ದವು. ಅವು ನನ್ನ ಹಣೆಯ ಮೇಲಿದ್ದಂಥವೇ ಗೆರೆಗಳು.

"ಯಾರದು? ಕಲ್ಲಿನ ಮೇಲೆ ಯಾಕೆ ಹತ್ತಿದ್ರಿ?" ಒಳಗಿನಿಂದ ಮುದುಕಿಯೊಬ್ಬರು ಬಂದರು. ಒದ್ದೆ ಕೂದಲು, ಕೈಯಲ್ಲಿ ವಿಭೂತಿ ಗಟ್ಟಿ. ವೀರಮ್ಮನೇ ಇರಬೇಕು. "ಪೂಜೆ ಆಯ್ತು ಅಂತ ಬಂದು ಕೂತಿದ್ದಾನೆ ಅವನು. ಬೆಳಿಗ್ಗೆ ದಿನಾ ವಿಭೂತಿ ಇಡಬೇಕು. ಬೆರಳು ತೋರಿಸಿಬಿಟ್ರಲ್ಲ, ಇನ್ನು ನೀವು ಇಡೋವರೆಗೂ ಏಳಲ್ಲ. ತಗೊಳ್ಳಿ, ಇಡಿ."

"ನಾನಾ?"

"ಮತ್ಯಾರು, ನಾನು ಬೆರಳು ತೋರಿಸ್ದೆನಾ?"

ವಿಭೂತಿಯನ್ನು ಬೆರಳಿಗೆ ತೀಡಿಕೊಂಡು ಇಳಿದೆ. ದವಡೆಯನ್ನೇ ನೋಡುತ್ತಾ ಎಳೆದದ್ದರಿಂದ ಮೂರು ಗೆರೆಗಳಲ್ಲಿ ಒಂದು ಕಣ್ಣಿನ ಮೇಲೆ ಹೋಯಿತು, ಇನ್ನೊಂದು ಕತ್ತರಿಸಿದ ಕಿವಿಯ ಬುಡ ಮುಟ್ಟಿತು. ನಾಯಿ ಸಹಿಸಿಕೊಂಡಿತು. ಕಣ್ಣು ತೆರೆದು, ಮುಂದಿನದನ್ನು ಕೊಡಿ ಎಂಬಂತೆ ನನ್ನ ಇನ್ನೊಂದು ಕೈ ನೋಡಿತು.

"ಬಾಳೆಹಣ್ಣು ಪ್ರಸಾದ ಕೊಡ್ತೀನಿ ನಾನು ಆಮೇಲೆ," ಎಂದರು ವೀರಮ್ಮ. "ನಿಮ್ಮ ಬಿಸ್ಕತ್ತೂ ಆಗುತ್ತೆ. ಬೆಲ್ಲ, ನಿಧಾನಕ್ಕೆ ತಗೋ, ಹೆದರಿದ್ದಾರೆ ಅವರು."

ಬೆಲ್ಲ ಎಂಬ ಹೆಸರಿನ ಆ ಪ್ರಾಣಿ ನನ್ನ ಅಂಗೈಯಿಂದ ಬಿಸ್ಕತ್ತನ್ನು ತುಟಿಯಲ್ಲಿ ಮಾತ್ರ ಎತ್ತಿಕೊಂಡಿತು. ಮದುವೆ ಊಟದಲ್ಲಿ ನನ್ನ ಪಕ್ಕ ಕೂತ ಎಷ್ಟೋ ಜನಕ್ಕೆ ಅಷ್ಟು ನಾಜೂಕು ಇರುವುದಿಲ್ಲ.

ನಾನು ನನ್ನ ಪರಿಚಯ ಹೇಳಲು ಬಾಯಿ ತೆರೆದೆ. ಶಿವಮೊಗ್ಗ, ಸ್ಫೂರ್ತಿಯ ಸೋದರಮಾವ, ಉಜ್ಜನಪ್ಪ.

"ಗೊತ್ತು ಮೇಷ್ಟ್ರೇ. ಮೊನ್ನೆ ಬಾಡಿಗೆ ಮನೆ ಹುಡುಕ್ಕೊಂಡು ಬಂದವರು ತಾನೆ? ಇಡೀ ಬೀದಿಗೇ ಗೊತ್ತು. ಪಾಪ, ಈಶ್ವರಮ್ಮ ಒಬ್ಬಳು ನಂಬಿ, ನಿಮಗೋಸ್ಕರ ಪೋರ್ಷನ್ನಿಗೆ ಬಣ್ಣ ಹೊಡೆಸ್ತಿದ್ದಾಳೆ. ಬನ್ನಿ ಒಳಗೆ. ಅವಲಕ್ಕಿ ತಿಂತೀರಾ? ಅವಳ ಅಂಗಡಿದೇ. ನೀವೂ ತಗೊಂಡು ಹೋಗಿದ್ರಲ್ಲ."

ಒಳಗೆ ಕೂತೆ. ಪಂಚೆ ಸರಿಮಾಡಿಕೊಳ್ಳುವ ಮೊದಲೇ ವೀರಮ್ಮ ಕೆಳಗಿನ ಜೀನ್ಸನ್ನು ನೋಡಿಬಿಟ್ಟಿದ್ದರು. ಫ್ಯಾನ್ ಜೋರು ಮಾಡಿದರು.

ಬೆಲ್ಲನಿಗೆ ಈ ವಿಭೂತಿಯ ಅಭ್ಯಾಸ ಹೇಗಾಯಿತು ಎಂದು ಅವರೇ ಹೇಳಿದರು. ಭುಜ ಹಿಡಿದಾಗ ಮೊಮ್ಮಗನ ಹಣೆಗೆ ವಿಭೂತಿ ಇಡಲು ಕೈ ಏಳುತ್ತಿರಲಿಲ್ಲವಂತೆ. ಅವನು ಬಗ್ಗಿದರೆ, ಬಗ್ಗಬೇಡ, ಅಜ್ಜಿಯ ಕೈ ತಾನಾಗಿ ಏಳಬೇಕು ಎಂದು ಸ್ಫೂರ್ತಿ ಬೈದಳಂತೆ. ಮೊದಲು ಎಷ್ಟು ಎತ್ತರಕ್ಕೆ ಕೈ ಹೋಗುತ್ತದೋ ಅಷ್ಟರಲ್ಲಿ ಇರುವ ಯಾವುದಾದರೂ ಹಣೆಗೆ ಇಡಿ ಎಂದಳಂತೆ. ಮನೆಯಲ್ಲಿ ಅಷ್ಟು ಎತ್ತರಕ್ಕಿದ್ದ ಹಣೆ ಬೆಲ್ಲನದೊಂದೇ. "ಆಮೇಲೆ ಮೊಮ್ಮಗನನ್ನ ಕುರ್ಚೀಲಿ ಕೂರಿಸಿ ಇಟ್ಟೆ, ಆಮೇಲೆ ನಿಂತವನಿಗೇ ಇಟ್ಟೆ. ನನ್ನ ಭುಜ ಸರಿಹೋಯ್ತು. ಆದ್ರೆ ಅಷ್ಟರಲ್ಲಿ ಈ ಬೆಲ್ಲ ನನ್ಮಗಂಗೆ ರೂಢಿ ಆಗಿಹೋಗಿತ್ತು."

ಬೆಲ್ಲನಿಗೆ ಅಭ್ಯಾಸ ಮಾಡಿಸಿದ್ದು ಅಜ್ಜಿಯ ಮೂರು ಬೆರಳು ಮತ್ತು ಬಾಳೆಹಣ್ಣು. ನನಗೆ ಹೆದರುವ ಅಭ್ಯಾಸ ಮಾಡಿಸಿದ್ದು ಮೊಬೈಲಿಗೆ ಬರುವ ವಿಡಿಯೊಗಳು. ಬೆಲ್ಲನಿಗೆ ಬಾಳೆಹಣ್ಣಾದರೂ ಸಿಕ್ಕಿತ್ತು.

ಹಿಂಬದಿಯ ಅಂಗಡಿಯಿಂದ ವಿಜಯೇಂದ್ರ ಬಂದ. ಮೊನ್ನೆ ದೂರದಿಂದ ಕಂಡದ್ದಕ್ಕಿಂತ ಹತ್ತಿರದಿಂದ ಇನ್ನೂ ದೊಡ್ಡವನಾಗಿ ಕಂಡ. ಕೈಗೆ ಮೋಟರಿನ ವಾರ್ನಿಶ್ ಮೆತ್ತಿಕೊಂಡಿತ್ತು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಕೂತ್ಕೊಳೋ," ಎಂದರು ಅಜ್ಜಿ.

"ಪರ್ವಾಗಿಲ್ಲ ಅಜ್ಜಿ, ನಿಂತಿರ್ತೀನಿ." ವೈವಾ ಪರೀಕ್ಷೆಗೆ ಬಂದ ಹುಡುಗನ ಧ್ವನಿ ಅದು. ಅದನ್ನು ಗುರುತಿಸುವುದರಲ್ಲಿ ನಾನು ತಪ್ಪುವುದಿಲ್ಲ.

ಏನಾದರೂ ಮಾತಾಡಬೇಕೆಂದು ತೋಳಿನ ಹುಲಿಯನ್ನು ತೋರಿಸಿ, "ಹಚ್ಚೆ ಚೆನ್ನಾಗಿದೆ. ಹುಲಿ," ಎಂದೆ.

ವಿಜಯೇಂದ್ರ ತೋಳು ಮುಚ್ಚಿಕೊಂಡ. "ಅಜ್ಜಿ ಸರ್ ಅದು. ಹಾಕಿದವನಿಗೆ ಸ್ವಲ್ಪ ಕೈ ತಪ್ಪಿದೆ."

"ನಾನು ಆವತ್ತೇ ಹೇಳ್ದೆ, ದುಡ್ಡು ವಾಪಸ್ ಇಸ್ಕೊಂಡು ಬಾ ಅಂತ," ಎಂದರು ವೀರಮ್ಮ.

ಬೆಲ್ಲನ ಕತ್ತಿನ ಸುತ್ತ ಕೂದಲಿಲ್ಲದ ಒಂದು ಗೆರೆ ಇತ್ತು. ನಾನು ನೋಡುತ್ತಿರುವುದನ್ನು ಕಂಡು ವಿಜಯೇಂದ್ರ ಹೇಳಿದ: "ತಂತಿ ಕಟ್ಟಿದ್ದ ಗಾಯ ಸರ್. ಯಾರೋ ಕಾದಾಟಕ್ಕೆ ಅಂತ ತಂದಿರ್ಬೇಕು, ಕಿವಿ ಅವರೇ ಕತ್ತರಿಸಿದ್ದು. ಇವನು ಕಾದಾಡ್ಲಿಲ್ಲ ಅನ್ಸುತ್ತೆ. ಸೇತುವೆ ಹತ್ರ ಕಂಬಕ್ಕೆ ಕಟ್ಟಿ ಹೋಗಿದ್ರು. ಈಗ್ಲೂ ಮಿಕ್ಸಿ ಹಾಕಿದ್ರೆ ಮಂಚದ ಕೆಳಗೆ ಹೋಗ್ತಾನೆ. ಹಾಗಂತ ನಾನು ಹುಷಾರು ತಪ್ಪಲ್ಲ ಸರ್, ಹೊರಗೆ ಪಟ್ಟಿ ಇಲ್ದೆ ಬಿಡಲ್ಲ. ಶಕ್ತಿ ಇರೋ ಪ್ರಾಣಿ." ಆಮೇಲೆ ಸೇರಿಸಿದ: "ನಿಮ್ಮ ಬಗ್ಗೆ ನಾನೂ ವಿಚಾರಿಸಿದ್ದೆ ಸರ್."

"ನನ್ನ ಬಗ್ಗೆನಾ? ಯಾರ ಹತ್ರ?"

"ನಿಮ್ಮ ಹಳೇ ಸ್ಟೂಡೆಂಟ್ಸ್ ಇಬ್ರು ನಮ್ಮ ಅಂಗಡಿಗೆ ಬರ್ತಾರೆ."

"ಏನಂದ್ರು?"

ಅವನು ಅಜ್ಜಿಯ ಮುಖ ನೋಡಿದ. "ಹೇಳೋ, ಕೇಳ್ತಿದ್ದಾರಲ್ಲ," ಎಂದರು ಅಜ್ಜಿ.

"ಕಚ್ತಾರೆ ಅಂದ್ರು ಸರ್."

ನನಗೆ ಸಿಟ್ಟು ಬಂತು. "ಪಾಸಾದವರಾ ಫೇಲಾದವರಾ ಅವರು?"

"ಕೆಮಿಸ್ಟ್ರೀಲಿ ಫೇಲಾಗಿ ಡಿಪ್ಲೊಮಾಕ್ಕೆ ಬಂದೋರು ಸರ್."

"ನೋಡಿದ್ರಾ! ಫೇಲಾದವರನ್ನ ಕೇಳಿದ್ರೆ ಮೇಷ್ಟ್ರ ಬಗ್ಗೆ ಇನ್ನೇನು ಹೇಳ್ತಾರಪ್ಪ? ಇದೆಂಥಾ ವಿಚಾರಣೆ? ಯಾರನ್ನ ಕೇಳ್ತೀವಿ ಅನ್ನೋದರ ಮೇಲೆ ಉತ್ತರ..." ಎನ್ನುತ್ತಿದ್ದವನು ನಿಲ್ಲಿಸಿದೆ.

"ನೀವು ಬಾಡಿಗೆಗೆ ಮನೆ ಇಟ್ಕೊಂಡೋರನ್ನ ಕೇಳಿದ್ರಿ," ಎಂದರು ವೀರಮ್ಮ, ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಾ.

ನಾನು ಅವಲಕ್ಕಿ ಬಾಯಿಗೆ ಹಾಕಿಕೊಂಡೆ. ಬೆಲ್ಲ ಬಂದು ನನ್ನ ಎರಡು ಪಾದಗಳ ಮೇಲೆ ಗದ್ದ ಊರಿ ಮಲಗಿದ. ಆ ತಲೆಯ ಭಾರ ನಾನು ಊಹಿಸಿದ್ದಕ್ಕಿಂತ ಹೆಚ್ಚಿತ್ತು.

ವೀರಮ್ಮನ ದನಿ ಬದಲಾಯಿತು. "ಮೇಷ್ಟ್ರೇ, ನಗೋದು ಬೇರೆ. ನೀವು ಬೇಡ ಅಂದ ದಿನ ಈ ಹುಡುಗ ಊಟ ಮಾಡ್ಲಿಲ್ಲ. ನಾಯಿ ನೋಡಿ ತಿರುಗಿ ಹೋದವರಲ್ಲಿ ನೀವು ಮೊದಲನೆಯವರೇನಲ್ಲ. ಉಳಿದವರು ಹೋದಾಗ ಇವನು ಉಂಡು ಮಲಗಿದ್ದ. ಈ ಸಲ ಹಾಗಲ್ಲ. ನಂಗೆ ವಯಸ್ಸಾಯ್ತು. ತೋಟದವರೊಬ್ಬರಿಗೆ ಹೇಳಿಟ್ಟಿದ್ದೀನಿ, ಸಂಜೆ ಬಂದು ಬೆಲ್ಲನ್ನ ಕರ್ಕೊಂಡು ಹೋಗ್ತಾರೆ. ನಾಯಿ ಹೋದ್ರೆ ನಿಮ್ಮ ಹುಡುಗಿ ಕೊಡ್ತೀರಾ?"

ವಿಜಯೇಂದ್ರ ಥಟ್ಟನೆ ಅಜ್ಜಿಯ ಕಡೆ ತಿರುಗಿದ. ಅವನಿಗೆ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ. "ಅಜ್ಜಿ, ನಾನು ಕೊಡಲ್ಲ," ಎಂದ. ದನಿ ಏರಲಿಲ್ಲ. ಆಮೇಲೆ ನನ್ನ ಕಡೆ ನೋಡಿದ. "ಸ್ಫೂರ್ತಿಗೂ ಹೇಳಿದ್ದೀನಿ ಸರ್. ಒಂದ್ಸಲ ಕಟ್ಟಿ ಬಿಟ್ಟು ಹೋಗಿದ್ದಾರೆ ಇವನನ್ನ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಇಬ್ಬರೂ ನನ್ನ ಉತ್ತರಕ್ಕೆ ಕಾದರು. ಅಂದುಕೊಂಡಿದ್ದಕ್ಕಿಂತ ಸುಲಭವಾದ ದಾರಿ ನನ್ನ ಮುಂದಿತ್ತು. ನಾಯಿ ತೋಟಕ್ಕೆ, ಹುಡುಗಿ ಈ ಮನೆಗೆ, ನನ್ನ ತೀರ್ಪು ಅರ್ಧವಾದರೂ ಸರಿ. ಕೆಳಗೆ ನೋಡಿದೆ. ಬೆಲ್ಲ ಗೊರಕೆ ಹೊಡೆಯುತ್ತಿದ್ದ. ನಾನು ಬಳಿದ ವಿಭೂತಿ ಕಣ್ಣಿನ ಮೇಲೆ ಹಾಗೇ ಇತ್ತು. ಕಚ್ಚುವವನೆಂದು ನನ್ನ ಬಗ್ಗೆ ಕೇಳಿದ ಮೇಲೂ ಈ ಮನೆಯವರು ನನ್ನನ್ನು ಒಳಗೆ ಬಿಟ್ಟುಕೊಂಡಿದ್ದರು.

"ತೋಟದವರಿಗೆ ಬರ್ಬೇಡಿ ಅಂತ ಹೇಳಿಬಿಡಿ," ಎಂದೆ. "ನಾಯಿ ಕಳಿಸಿದ್ರೆ ಸ್ಫೂರ್ತಿ ಮೊದ್ಲು ನನ್ನನ್ನ ಮನೆಯಿಂದ ಆಚೆ ಹಾಕ್ತಾಳೆ." ಇದು ಹಾಸ್ಯದಂತೆ ಕೇಳಿಸಿರಬಹುದು. ನಾನು ಅಷ್ಟು ಗಂಭೀರವಾಗಿ ಬಹಳ ದಿನದಿಂದ ಮಾತಾಡಿರಲಿಲ್ಲ. "ತಪ್ಪು ನಂದು. ನೋಡದೆ ಹೇಳಿದೆ. ಹುಡುಗ ನಂಗೆ ಒಪ್ಪಿಗೆ. ನೀವೂ ಒಪ್ಪಬೇಕು ಅಂತ ಕೇಳ್ಕೊಳ್ಳೋಕೆ ಬಂದಿದ್ದೀನಿ."

ವೀರಮ್ಮ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಫ್ಯಾನಿನ ಗಾಳಿಗೆ ವಿಭೂತಿ ಕಣ್ಣಿಗೆ ಹೋಯಿತೆಂದರು.

ನಾನು ಮನೆಗೆ ಫೋನ್ ಮಾಡಿದೆ. ತನುಜಾಳ ಕೈಯಿಂದ ಸ್ಫೂರ್ತಿಯೇ ಕಿತ್ತುಕೊಂಡಳು.

"ನಾಯಿ ನೋಡಿದ್ರಾ ಮಾವ?"

"ನೋಡ್ದೆ. ನನ್ನ ಕಾಲ ಮೇಲೆ ಮಲಗಿದೆ."

"ನೀವೇನ್ಮಾಡ್ತಿದ್ದೀರಿ?"

"ಅಲ್ಲಾಡದೆ ಕೂತಿದ್ದೀನಿ."

"ರಿಸಲ್ಟ್ ಏನು?"

"ಕನ್ಫರ್ಮ್ಡ್," ಎಂದೆ. ಅವಳು ಆಗ ಅತ್ತಳು. ನಾನು ಫೋನನ್ನು ವಿಜಯೇಂದ್ರನಿಗೆ ಕೊಟ್ಟೆ. ಅವನು ಅದನ್ನು ಹಿಡಿದುಕೊಂಡು ಅಂಗಳಕ್ಕೆ ಹೋದ.

"ನಮ್ಮ ಕಡೆಯಿಂದ ಒಂದೇ ಷರತ್ತು," ಎಂದರು ವೀರಮ್ಮ. "ಈಶ್ವರಮ್ಮನಿಗೆ ಮನೆ ಬೇಡ ಅಂತ ನೀವೇ ಹೋಗಿ ಹೇಳಿ. ಬೇಡ ಅನ್ನೋದು ನಿಮಗೆ ರೂಢಿ ಇದೆಯಲ್ಲ. ಬೆಲ್ಲನ್ನೂ ಕರ್ಕೊಂಡು ಹೋಗಿ, ಅವನು ಓಡಾಡೋ ಹೊತ್ತಾಯ್ತು."

ಪಟ್ಟಿ ನನ್ನ ಕೈಗೆ ಬಂತು. ಫೋನ್ ಮುಗಿಸಿದ ವಿಜಯೇಂದ್ರ ಸ್ವಲ್ಪ ಹಿಂದೆ ಬರುತ್ತಿದ್ದ, ಆದರೆ ಮುಂದಿನಿಂದ ನೋಡುವವರಿಗೆ ನಾನು ಮತ್ತು ನಾಯಿ ಮಾತ್ರ. ಸೆಕೆಗೆ ಪಂಚೆಯನ್ನು ಎತ್ತಿ ಕಟ್ಟಿದ್ದೆ. ಜೀನ್ಸು, ಬೂಟು, ಪಿಟ್ ಬುಲ್. ಬೀದಿಯ ಜನ ದಾರಿ ಬಿಟ್ಟರು. ಸತ್ಯ ಹೇಳುತ್ತೇನೆ, ನನಗೆ ಅದು ಇಷ್ಟವಾಯಿತು. ಎದೆ ತಾನಾಗಿ ಮುಂದೆ ಬಂತು.

ಎದುರಿನಿಂದ ಕನ್ನಡಕ ಹಾಕಿದ, ಕೈಚೀಲ ಹಿಡಿದ ಒಬ್ಬ ಸಭ್ಯರು ಬರುತ್ತಿದ್ದರು. ನಮ್ಮನ್ನು ನೋಡಿದ್ದೇ ಚರಂಡಿ ದಾಟಿ ಆ ಬದಿಗೆ ಹೋದರು. ಹೋಗುವಾಗ ನನ್ನ ಮೇಲೊಂದು ದೃಷ್ಟಿ ಹಾಯಿಸಿದರು. ಬೂಟಿನಿಂದ ಹಣೆಯವರೆಗೆ ಎಲ್ಲವನ್ನೂ ಕೂಡಿಸಿ ಅವರು ಒಂದು ತೀರ್ಮಾನಕ್ಕೆ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆ ನೋಟವನ್ನು ಒಳಗಿನಿಂದ ಬಲ್ಲವನು ನಾನು.

"ಸಾಧು ನಾಯಿ ಸ್ವಾಮಿ, ಏನೂ ಮಾಡಲ್ಲ," ಎಂದು ಕೂಗಿದೆ. ಅವರು ನಡಿಗೆ ಚುರುಕು ಮಾಡಿದರು.

ಈಶ್ವರಮ್ಮ ಅಂಗಡಿಯ ಮುಂದೆ ನಿಂತು ಬಣ್ಣದವನಿಗೆ ಏನೋ ಹೇಳುತ್ತಿದ್ದಳು. ನನ್ನನ್ನು, ನನ್ನ ಕೈಯ ಪಟ್ಟಿಯನ್ನು, ಪಟ್ಟಿಯ ತುದಿಯನ್ನು ನೋಡಿದಳು. ಒಳಗೆ ಹೋಗಿ, ಡಬ್ಬಿಯಿಂದ ರಸ್ಕ್ ತೆಗೆದು, ಮುರಿದು ಬೆಲ್ಲನ ಬಾಯಿಗೆ ಹಿಡಿದಳು. ಅವನು ಬಾಲ ಆಡಿಸಿದ ರೀತಿ ನೋಡಿದರೆ ಇದು ದಿನದ ವ್ಯವಹಾರ.

"ಅಮ್ಮ, ಆ ಮನೆ ವಿಷಯ..." ಎಂದು ಶುರುಮಾಡಿದೆ.

"ಇಲ್ಲ ಸ್ವಾಮಿ, ನಿಮಗೆ ಕೊಡೋಕಾಗಲ್ಲ," ಎಂದಳು ಈಶ್ವರಮ್ಮ, ಇನ್ನೊಂದು ತುಂಡು ಮುರಿಯುತ್ತಾ. "ಅಂಥ ನಾಯಿ ಇಡೋ ಜನ ಎಂಥೋರು ಅಂತ ನಂಗೊತ್ತು."

"ಎಂಥೋರು?"

ಅವಳು ಸೊಂಟದ ಮೇಲೆ ಕೈಯಿಟ್ಟು, ನನ್ನ ಬೂಟು, ಜೀನ್ಸು, ಎತ್ತಿ ಕಟ್ಟಿದ ಪಂಚೆ, ಬೆರಳಿಗೆ ಮೆತ್ತಿದ ವಿಭೂತಿ ಎಲ್ಲವನ್ನೂ ಸಾವಕಾಶವಾಗಿ ನೋಡಿದಳು.

"ಇಂಥೋರೇ," ಎಂದಳು.